ಯಾವ ಪಾಠಕ್ಕೆ ಯಾವ ನೋಟ್ಸ್: ಕಾಲೇಜಿಗೆ ಕಾಲಿಡುವವರಿಗೊಂದು ಹೋಲಿಕೆ

ಇಂಗ್ಲಿಷಿನಲ್ಲಿ ಪಾಠ ಮಾಡುವವರ ಮಾತಿನ ವೇಗ ನಿಮಿಷಕ್ಕೆ ಹೆಚ್ಚುಕಡಿಮೆ 120ರಿಂದ 150 ಪದ. ಕೇಳುತ್ತ ಬರೆಯುವ ಕೈಗೆ ನಿಮಿಷಕ್ಕೆ 20–25 ಪದ ಬಂದರೆ ಹೆಚ್ಚು. ಐದಾರು ಮಾತಿಗೆ ಒಂದು ಮಾತು ಕಾಗದಕ್ಕಿಳಿಯುತ್ತದೆ, ಉಳಿದದ್ದು ಗಾಳಿಗೆ. ಶಾಲೆಯಲ್ಲಿ ಈ ಲೆಕ್ಕ ಅಷ್ಟಾಗಿ ಕಾಡುವುದಿಲ್ಲ, ಏಕೆಂದರೆ ಅಲ್ಲಿ ಶಿಕ್ಷಕರು ನಿಧಾನವಾಗಿ ಬರೆಸುತ್ತಾರೆ, ಬೋರ್ಡಿನ ಮೇಲಿದ್ದದ್ದನ್ನು ಇಳಿಸಿಕೊಂಡರೆ ಬಹುಪಾಲು ಕೆಲಸ ಮುಗಿಯುತ್ತದೆ. ಕಾಲೇಜಿನಲ್ಲಿ ನಿಮ್ಮ ಪೆನ್ನಿಗಾಗಿ ಯಾರೂ ಕಾಯುವುದಿಲ್ಲ. ಹಾಗಾಗಿ ಒಂದು ವಿಧಾನ ಆರಿಸುವಾಗ ನೀವು ನಿಜಕ್ಕೂ ತೀರ್ಮಾನಿಸುತ್ತಿರುವುದು ಯಾವುದನ್ನು ಕೈಬಿಡಬೇಕು ಎಂಬುದನ್ನು.

ನೋಟ್ಸಿಗೆ ಎರಡು ಕೆಲಸವಿದೆ. ಬರೆಯುವ ಹೊತ್ತಿನಲ್ಲಿ ಗಮನ ಹಿಡಿದಿಟ್ಟು ತಲೆಗೆ ಕೆಲಸ ಕೊಡುವುದು ಒಂದು, ಆಮೇಲೆ ಓದುವುದಕ್ಕೆ ಸಾಮಗ್ರಿಯಾಗಿ ಉಳಿಯುವುದು ಇನ್ನೊಂದು. 1972ರಲ್ಲಿ ಡಿ ವೆಸ್ಟಾ ಮತ್ತು ಗ್ರೇ ಎಂಬ ಸಂಶೋಧಕರು ಈ ಎರಡನ್ನೂ ಬೇರ್ಪಡಿಸಿ ನೋಡಿದರು. ಅದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಹೋಲಿಕೆ ಸುಲಭ: ನಡುವೆ ವಿಷಯ ಇಟ್ಟು ಸುತ್ತ ಕೊಂಬೆ ಎಳೆಯುವ ಮೈಂಡ್ ಮ್ಯಾಪ್ ಮೊದಲ ಕೆಲಸವನ್ನು ಚೆನ್ನಾಗಿ ಮಾಡುತ್ತದೆ, ಎರಡು ತಿಂಗಳ ನಂತರ ಓದಲು ಕೂತರೆ ಕೈಕೊಡುತ್ತದೆ. ಟೈಪ್ ಮಾಡಿದ ಉದ್ದನೆಯ ನೋಟ್ಸ್ ಇದಕ್ಕೆ ತದ್ವಿರುದ್ಧ.

ಮೊದಲು ಪಾಠದ ಸ್ವಭಾವ

ಸೆಮಿಸ್ಟರಿನ ಮೊದಲ ದಿನವೇ ಎಲ್ಲ ವಿಷಯಕ್ಕೂ ಒಂದೇ ಪದ್ಧತಿ ಎಂದು ಪಣ ತೊಡಬೇಡಿ. ಮೊದಲ ಎರಡು ಕ್ಲಾಸಿನಲ್ಲಿ ಹೇಗೆ ಬಂತೋ ಹಾಗೆ ಬರೆದು, ಮೂರು ವಿಚಾರ ಗಮನಿಸಿ. ಪಾಠ ಮಾಡುವವರು ಒಂದು ಕ್ರಮ ಹಿಡಿದು ಹೋಗುತ್ತಾರೋ, ಅಲ್ಲಿ ಇಲ್ಲಿ ಜಿಗಿಯುತ್ತಾರೋ? ಸ್ಲೈಡ್ ಮುಂಚೆಯೇ ಕೈಗೆ ಸಿಗುತ್ತದೋ, ನಂತರವೋ, ಸಿಗುವುದೇ ಇಲ್ಲವೋ? ಹಳೆಯ ಪ್ರಶ್ನೆಪತ್ರಿಕೆ ಕೇಳುವುದು ವ್ಯಾಖ್ಯೆಯನ್ನೋ, ಹೋಲಿಕೆಯನ್ನೋ, ಲೆಕ್ಕವನ್ನೋ, ಪ್ರಬಂಧವನ್ನೋ? ಮೂರನೆಯದು ಉಳಿದೆರಡಕ್ಕಿಂತ ತೂಕದ್ದು. 'ವ್ಯತ್ಯಾಸ ತಿಳಿಸಿ' ಎಂದು ಪದೇಪದೇ ಕೇಳುವ ವಿಷಯಕ್ಕೆ ಸಾಲುಸಾಲಾಗಿ ಬರೆದಿಟ್ಟುಕೊಂಡರೆ, ಪರೀಕ್ಷೆಯ ಹಿಂದಿನ ರಾತ್ರಿ ಅದನ್ನೆಲ್ಲ ಕೋಷ್ಟಕಕ್ಕೆ ಇಳಿಸುವ ಕೂಲಿ ತಪ್ಪದು.

ಒಂದೇ ಪಾಠ, ನಾಲ್ಕು ಪುಟ

ಜೀವರಸಾಯನಶಾಸ್ತ್ರದ ಒಂದು ಕ್ಲಾಸು ತೆಗೆದುಕೊಳ್ಳೋಣ. ವಿಷಯ, ಕಿಣ್ವಗಳ ಕೆಲಸಕ್ಕೆ ಅಡ್ಡ ಬರುವ ಇನ್ಹಿಬಿಟರ್‌ಗಳು. ಕಿಣ್ವ ಯಾವ ವಸ್ತುವಿನ ಮೇಲೆ ಕೆಲಸ ಮಾಡುತ್ತದೋ ಅದು ಸಬ್‌ಸ್ಟ್ರೇಟ್, ಅದು ಬಂದು ಕೂರುವ ಜಾಗ ಆಕ್ಟಿವ್ ಸೈಟ್.

ಔಟ್‌ಲೈನ್ ಎಲ್ಲರಿಗೂ ಗೊತ್ತಿರುವುದು. ಮುಖ್ಯ ವಿಷಯ ಅಂಚಿಗೆ, ಅದರಡಿಯದು ಒಂದು ಸೆಂಟಿಮೀಟರ್ ಒಳಗೆ, ಇನ್ನೂ ಸಣ್ಣದು ಮತ್ತೊಂದು ಸೆಂಟಿಮೀಟರ್ ಒಳಗೆ. ಪುಟ ಹೀಗೆ ಕಾಣುತ್ತದೆ:

ಇನ್ಹಿಬಿಟರ್
– ಕಾಂಪಿಟಿಟಿವ್
– – ಆಕ್ಟಿವ್ ಸೈಟಿಗೇ ಕೂರುತ್ತೆ, ಸಬ್‌ಸ್ಟ್ರೇಟ್ ಜೊತೆ ಪೈಪೋಟಿ
– – ಸಬ್‌ಸ್ಟ್ರೇಟ್ ↑ → ವೇಗ ಮತ್ತೆ ಬರುತ್ತೆ
– ನಾನ್‌ಕಾಂಪಿಟಿಟಿವ್
– – ಬೇರೆ ಜಾಗ. ಸಬ್‌ಸ್ಟ್ರೇಟ್ ↑ ಆದರೂ ಉಪಯೋಗ ಇಲ್ಲ

ಕ್ರಮ ತಪ್ಪದೆ ಪಾಠ ಮಾಡುವವರ ಕ್ಲಾಸಿಗೆ ಇದಕ್ಕಿಂತ ವೇಗದ್ದು ಇನ್ನೊಂದಿಲ್ಲ. ಕೆಡುವುದು ಎಲ್ಲಿ? ಪಾಠ ಹಿಂದಕ್ಕೆ ಜಿಗಿದಾಗ. ಅರ್ಧ ಗಂಟೆ ಕಳೆದು 'ಕಾಂಪಿಟಿಟಿವ್ ವಿಚಾರದಲ್ಲಿ ಇನ್ನೊಂದು ಮಾತು' ಎಂದರೆ ಅದನ್ನು ತುರುಕಲು ಜಾಗವಿಲ್ಲ. ಪ್ರತಿ ಉಪವಿಷಯದ ಕೆಳಗೆ ಎರಡು ಸಾಲು ಖಾಲಿ ಬಿಟ್ಟು, ಹಾಳೆಯ ಒಂದೇ ಮಗ್ಗುಲಲ್ಲಿ ಬರೆದರೆ ಈ ತೊಂದರೆ ನೀಗುತ್ತದೆ. ಎದುರಿನ ಖಾಲಿ ಮಗ್ಗುಲು ಇಂಥ ಸೇರ್ಪಡೆಗೇ ಇರಲಿ. ಇನ್ನೊಂದು ಚಟ, ಹಂತದ ಮೇಲೆ ಹಂತ ಇಳಿಯುವುದು. ಮೂರು ಹಂತ ದಾಟಿತೆಂದರೆ ನೀವು ಪಾಠ ಕೇಳುವುದು ಬಿಟ್ಟು ಇದು ಯಾವುದರ ಅಡಿಯಲ್ಲಿ ಬರುತ್ತದೆ ಎಂದು ತಲೆ ಕೆಡಿಸಿಕೊಳ್ಳುತ್ತಿದ್ದೀರಿ.

ಕಾರ್ನೆಲ್ ಪುಟವನ್ನು 1950ರ ದಶಕದಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ವಾಲ್ಟರ್ ಪಾಕ್ ರೂಪಿಸಿದರು. ಎಡಗಡೆ ಎರಡೂವರೆ ಇಂಚಿಗೆ ಒಂದು ನಿಲುವುಗೆರೆ, ಕೆಳಗೆ ಎರಡು ಇಂಚಿಗೆ ಒಂದು ಅಡ್ಡಗೆರೆ. ಬಲಗಡೆಯ ದೊಡ್ಡ ಜಾಗದಲ್ಲಿ ಕ್ಲಾಸಿನ ನೋಟ್ಸ್, ಮೇಲಿನ ಔಟ್‌ಲೈನೇ ಇರಬಹುದು. ಎಡ ಪಟ್ಟಿ ಕ್ಲಾಸಿನಲ್ಲಿ ಪೂರ್ತಿ ಖಾಲಿ. ಅದೇ ದಿನ ಸಂಜೆಯೋ ಮರುದಿನದೊಳಗೋ ಬಲಗಡೆಯದನ್ನು ಓದಿ, ಪ್ರತಿ ತುಂಡಿಗೂ ಎದುರು ಎಡಕ್ಕೆ ಒಂದು ಪ್ರಶ್ನೆ ಬರೆಯಬೇಕು. ಕೆಳಗಿನ ಪಟ್ಟಿಯಲ್ಲಿ ಎರಡು ಮೂರು ವಾಕ್ಯದ ಸಾರ. ಓದುವಾಗ ಬಲಗಡೆ ಒಂದು ಹಾಳೆ ಮುಚ್ಚಿ, ಎಡಗಡೆಯ ಪ್ರಶ್ನೆಗೆ ಬಾಯಿಬಿಟ್ಟು ಉತ್ತರ ಹೇಳಿ, ಆಮೇಲೆ ಹಾಳೆ ಸರಿಸಿ ನೋಡುವುದು.

ಈ ಪದ್ಧತಿ ಕೈಕೊಟ್ಟಿತು ಎನ್ನುವವರ ಪುಟ ತೆರೆದರೆ ತಪ್ಪು ಸಾಮಾನ್ಯವಾಗಿ ಎಡ ಪಟ್ಟಿಯಲ್ಲೇ ಇರುತ್ತದೆ. 'ಇನ್ಹಿಬಿಟರ್ ವಿಧಗಳು' ಎಂದು ಶೀರ್ಷಿಕೆ ಬರೆದಿರುತ್ತಾರೆ. ಶೀರ್ಷಿಕೆಯನ್ನು ನೋಡಿದರೆ 'ಹೂಂ, ಗೊತ್ತು' ಅನ್ನಿಸುತ್ತದೆ, ಅಷ್ಟೇ. ಅದರ ಬದಲು 'ಸಬ್‌ಸ್ಟ್ರೇಟ್ ಹೆಚ್ಚಿಸಿದರೆ ಕಾಂಪಿಟಿಟಿವ್ ತಡೆ ಯಾಕೆ ಸೋಲುತ್ತದೆ, ನಾನ್‌ಕಾಂಪಿಟಿಟಿವ್ ಯಾಕೆ ಸೋಲುವುದಿಲ್ಲ?' ಎಂದು ಬರೆದರೆ ಉತ್ತರ ಹೇಳದೆ ಮುಂದೆ ಹೋಗಲಾಗದು. ಯಾಕೆ, ಹೇಗೆ, ಇಲ್ಲದಿದ್ದರೆ ಏನು ಎಂಬ ಪದ ಎಡ ಪಟ್ಟಿಯಲ್ಲಿ ಕಾಣದಿದ್ದರೆ ಆ ಪುಟ ಕಾರ್ನೆಲ್ ವೇಷದ ಮಾಮೂಲಿ ನೋಟ್ಸ್. ಗೆರೆ ಎಳೆದ ರೆಡಿಮೇಡ್ ಪುಸ್ತಕ ಬೇಕಿಲ್ಲ, ಸ್ಕೇಲು ಪೆನ್ಸಿಲ್ ಸಾಕು. ದಿನಕ್ಕೆ ಪ್ರತಿ ಕ್ಲಾಸಿಗೆ ಕಾಲು ಗಂಟೆ ಬಿಡುವು ಸಿಗದವರು ಮಾತ್ರ ಇದನ್ನು ಎಲ್ಲ ವಿಷಯಕ್ಕೂ ಹಚ್ಚಬಾರದು. ಎಡ ಪಟ್ಟಿ ಖಾಲಿ ಉಳಿದ ಕಾರ್ನೆಲ್ ಪುಟಕ್ಕೆ ಮೂರನೇ ಒಂದು ಭಾಗ ಕಾಗದ ದಂಡ.

ಕೋಷ್ಟಕ ಇವೆರಡಕ್ಕಿಂತ ಕಡಿಮೆ ಜನ ಬಳಸುವುದು, ನಮ್ಮ ಮಟ್ಟಿಗೆ ಅತಿ ಕಡಿಮೆ ಬೆಲೆ ಸಿಕ್ಕಿರುವುದು. (ವಿ-ಮ್ಯಾಕ್ಸ್ ಎಂದರೆ ಕಿಣ್ವದ ಗರಿಷ್ಠ ವೇಗ, ಕೆ-ಎಂ ಎಂದರೆ ಅದರ ಅರ್ಧ ವೇಗಕ್ಕೆ ಬೇಕಾದ ಸಬ್‌ಸ್ಟ್ರೇಟ್ ಪ್ರಮಾಣ.)

| ಇನ್ಹಿಬಿಟರ್ | ಎಲ್ಲಿ ಕೂರುತ್ತದೆ | ಕೆ-ಎಂ | ವಿ-ಮ್ಯಾಕ್ಸ್ | ಸಬ್‌ಸ್ಟ್ರೇಟ್ ಹೆಚ್ಚಿದರೆ |
|---|---|---|---|---|
| ಕಾಂಪಿಟಿಟಿವ್ | ಆಕ್ಟಿವ್ ಸೈಟ್ | ↑ | ಹಾಗೇ | ತಡೆ ಸೋಲುತ್ತದೆ |
| ನಾನ್‌ಕಾಂಪಿಟಿಟಿವ್ | ಬೇರೆ ಜಾಗ | ಹಾಗೇ | ↓ | ಉಪಯೋಗವಿಲ್ಲ |
| ಅನ್‌ಕಾಂಪಿಟಿಟಿವ್ | ಕಿಣ್ವ–ಸಬ್‌ಸ್ಟ್ರೇಟ್ ಜೋಡಿಗೆ ಮಾತ್ರ | ↓ | ↓ | ? |

ಕೊನೆಯ ಮನೆಯ ಪ್ರಶ್ನಾರ್ಥಕ ನೋಡಿ. ಔಟ್‌ಲೈನಿನಲ್ಲಿ ಬರೆದಿದ್ದರೆ ಆ ಮಾತು ತಪ್ಪಿಹೋದದ್ದು ನಿಮಗೆ ತಿಳಿಯುತ್ತಲೇ ಇರಲಿಲ್ಲ. ಕೋಷ್ಟಕದಲ್ಲಿ ಖಾಲಿ ಮನೆ ಕಣ್ಣಿಗೆ ಕುಕ್ಕುತ್ತದೆ, ಕ್ಲಾಸು ಮುಗಿಯುವ ಮೊದಲೇ ಕೇಳಿಬಿಡಬಹುದು. ಕೋಷ್ಟಕದ ಕಷ್ಟ ಬೇರೆ ಕಡೆ ಇದೆ: ಅಂಕಣಗಳ ತಲೆಬರಹ ಮೊದಲೇ ಗೊತ್ತಿರಬೇಕು. ಹಿಂದಿನ ದಿನ ಪಠ್ಯದ ಉಪಶೀರ್ಷಿಕೆಗಳ ಮೇಲೆ ಐದು ನಿಮಿಷ ಕಣ್ಣಾಡಿಸಿದರೆ ನಾಲ್ಕು ತಲೆಬರಹ ಹೊಳೆಯುತ್ತವೆ; ಕೊನೆಯಲ್ಲಿ ಒಂದು ಅಂಕಣ ಹೆಸರಿಲ್ಲದೆ ಬಿಡಿ, ಬೇಕಾಗುತ್ತದೆ. ಪುಟವನ್ನು ಅಡ್ಡ ತಿರುಗಿಸಿಕೊಂಡರೆ ಮನೆಗಳು ಅಗಲವಾಗುತ್ತವೆ. ಕಾಯಿಲೆಗಳು, ಕಾಯ್ದೆಗಳು, ರಾಜವಂಶಗಳು, ಪ್ರೋಗ್ರಾಮಿಂಗ್ ಭಾಷೆಗಳು, ಹೀಗೆ ಒಂದೇ ಬಗೆಯ ಹಲವನ್ನು ಪಕ್ಕಪಕ್ಕ ಇಡಬೇಕಾದಲ್ಲೆಲ್ಲ ಕೋಷ್ಟಕವೇ ಸರಿ. ಒಂದೇ ವಾದವನ್ನು ಗಂಟೆಗಟ್ಟಲೆ ಎಳೆಯುವ ತತ್ವಶಾಸ್ತ್ರದ ಕ್ಲಾಸಿನಲ್ಲಿ ಅದಕ್ಕೆ ಕೈಹಾಕಬೇಡಿ.

ಮೈಂಡ್ ಮ್ಯಾಪ್ 1970ರ ದಶಕದಲ್ಲಿ ಟೋನಿ ಬುಜಾನ್ ಅವರಿಂದ ಜನಪ್ರಿಯವಾಯಿತು. ನಡುವೆ ವಿಷಯ, ಸುತ್ತ ಕೊಂಬೆ. ಕ್ಲಾಸಿನಲ್ಲೇ ಬರೆಯಲು ಹೊರಟರೆ ಇಪ್ಪತ್ತನೇ ನಿಮಿಷಕ್ಕೆ ಒಂದು ಮೂಲೆ ಕಿಕ್ಕಿರಿದು, ಇನ್ನೊಂದು ಮೂಲೆ ಬಣಬಣ ಎನ್ನುತ್ತದೆ. ಇದರ ನಿಜವಾದ ಜಾಗ ಅಧ್ಯಾಯ ಮುಗಿದ ಮೇಲೆ. ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ನೆನಪಿನಿಂದಲೇ ನಕ್ಷೆ ಬರೆದು, ನಂತರ ಪುಸ್ತಕ ತೆರೆದು ಬಿಟ್ಟುಹೋದದ್ದನ್ನು ಬೇರೆ ಬಣ್ಣದಲ್ಲಿ ಸೇರಿಸಿ. ಎರಡನೇ ಬಣ್ಣ ಎಷ್ಟಿದೆಯೋ ಅಷ್ಟು ಓದು ಬಾಕಿ.

ಲೆಕ್ಕದ ವಿಷಯಗಳು

ಗಣಿತ, ಭೌತಶಾಸ್ತ್ರ, ಅಕೌಂಟೆನ್ಸಿಗೆ ಮೇಲಿನ ಯಾವುದೂ ಹಾಗೇ ಒಪ್ಪುವುದಿಲ್ಲ. ಬೋರ್ಡಿನ ಮೇಲಿನ ಹೆಜ್ಜೆಗಳನ್ನು ಎಲ್ಲರೂ ಅಚ್ಚುಕಟ್ಟಾಗಿ ಇಳಿಸಿಕೊಳ್ಳುತ್ತಾರೆ. ಕಳೆದುಹೋಗುವುದು ಬಾಯಲ್ಲಿ ಹೇಳಿದ ಕಾರಣ. ಎಕ್ಸ್ ಮತ್ತು ಸೈನ್ ಎಕ್ಸ್‌ನ ಗುಣಲಬ್ಧವನ್ನು ಬೈ ಪಾರ್ಟ್ಸ್ ವಿಧಾನದಲ್ಲಿ ಇಂಟಿಗ್ರೇಟ್ ಮಾಡುವಾಗ, ಡಿಫರೆನ್ಶಿಯೇಟ್ ಮಾಡಬೇಕಾದದ್ದಾಗಿ ಎಕ್ಸ್ ಅನ್ನು ಆರಿಸುತ್ತಾರೆ. ಏಕೆ? ಎಕ್ಸ್ ಕರಗಿ 1 ಆಗುತ್ತದೆ, ಮುಂದಿನ ಹೆಜ್ಜೆ ಸಲೀಸು. ತಿರುಗಾಮುರುಗಾ ಮಾಡಿದರೆ ಎಕ್ಸ್ ವರ್ಗ ಬಂದು ಲೆಕ್ಕ ಇನ್ನೂ ಜಟಿಲವಾಗುತ್ತದೆ. ಈ ಎರಡು ವಾಕ್ಯ ನೋಟ್ಸಿನಲ್ಲಿ ಇಲ್ಲದಿದ್ದರೆ, ಮುಂದಿನ ಲೆಕ್ಕದಲ್ಲಿ ಎಕ್ಸ್ ಜಾಗದಲ್ಲಿ ಬೇರೆ ಏನೋ ಕಂಡಾಗ ಕೈ ನಿಲ್ಲುತ್ತದೆ.

ಪುಟವನ್ನು ಮೂರನೇ ಎರಡು, ಮೂರನೇ ಒಂದು ಎಂದು ಭಾಗ ಮಾಡಿ. ಅಗಲದ ಭಾಗಕ್ಕೆ ಹೆಜ್ಜೆ, ಕಿರಿದಕ್ಕೆ ಕಾರಣ. ಸಮಯ ಸಾಲದಿದ್ದರೆ ಹೆಜ್ಜೆ ಬಿಡಿ, ಕಾರಣ ಬಿಡಬೇಡಿ: ನಡುವಿನ ಬೀಜಗಣಿತವನ್ನು ಮನೆಯಲ್ಲಿ ಮತ್ತೆ ಮಾಡಿಕೊಳ್ಳಬಹುದು. ರಾತ್ರಿ ಓದುವಾಗ ಹೆಜ್ಜೆಗಳನ್ನು ಮುಚ್ಚಿ, ಪ್ರಶ್ನೆಯೊಂದನ್ನೇ ನೋಡಿ ಹೊಸದಾಗಿ ಬಿಡಿಸಿ. ಬಿಡಿಸಿದ ಲೆಕ್ಕವನ್ನು ಓದಿ ತಲೆಯಾಡಿಸಿದರೆ ಅರ್ಥವಾದಂತೆ ತೋರುತ್ತದೆ, ಪರೀಕ್ಷೆಯ ಕೊಠಡಿಯಲ್ಲಿ ಆ ಭ್ರಮೆ ಹರಿಯುತ್ತದೆ.

ಕಾಗದ, ಲ್ಯಾಪ್‌ಟಾಪ್, ಟ್ಯಾಬ್ಲೆಟ್

2014ರಲ್ಲಿ ಪ್ಯಾಮ್ ಮುಲ್ಲರ್ ಮತ್ತು ಡೇನಿಯಲ್ ಆಪನ್‌ಹೈಮರ್ ಪ್ರಕಟಿಸಿದ ಪ್ರಯೋಗಗಳ ಸುದ್ದಿ ದೊಡ್ಡದಾಯಿತು: ಲ್ಯಾಪ್‌ಟಾಪಿನಲ್ಲಿ ಬರೆದವರು ಹೆಚ್ಚು ಪದ ಬರೆದರು, ಕೇಳಿದ್ದನ್ನು ಯಥಾವತ್ತಾಗಿ ಇಳಿಸಿದರು, ಪರಿಕಲ್ಪನೆಯ ಪ್ರಶ್ನೆಗಳಲ್ಲಿ ಕೈಬರಹದವರಿಗಿಂತ ಹಿಂದೆ ಬಿದ್ದರು. ಯಥಾವತ್ತಾಗಿ ಬರೆಯಬೇಡಿ ಎಂದು ಹೇಳಿದರೂ ಆ ಚಾಳಿ ಹೋಗಲಿಲ್ಲ. 2019 ಮತ್ತು 2021ರಲ್ಲಿ ಬೇರೆ ತಂಡಗಳು ಅದೇ ಪ್ರಯೋಗವನ್ನು ಮತ್ತೆ ಮಾಡಿದಾಗ ಪದಗಳ ವ್ಯತ್ಯಾಸ ಕಂಡಿತು, ಪರೀಕ್ಷೆಯ ಅಂಕದ ವ್ಯತ್ಯಾಸ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ. ಹಾಗಾಗಿ 'ಕೈಬರಹವೇ ಶ್ರೇಷ್ಠ, ವಿಜ್ಞಾನ ಸಾಬೀತು ಮಾಡಿದೆ' ಎನ್ನುವವರ ಮಾತನ್ನು ಪೂರ್ತಿ ನಂಬಬೇಕಿಲ್ಲ.

ಲ್ಯಾಪ್‌ಟಾಪಿನ ವಿರುದ್ಧ ಇದಕ್ಕಿಂತ ಗಟ್ಟಿಯಾದ ದೂರು ಬೇರೊಂದಿದೆ. 2013ರಲ್ಲಿ ಪ್ರಕಟವಾದ ಸನಾ, ವೆಸ್ಟನ್ ಮತ್ತು ಸೆಪೇಡಾ ಅವರ ಅಧ್ಯಯನದಲ್ಲಿ, ಕ್ಲಾಸಿನ ನಡುವೆ ತೆರೆಯ ಮೇಲೆ ಬೇರೆ ಕೆಲಸ ಮಾಡಿದವರಷ್ಟೇ ಅಲ್ಲ, ಆ ತೆರೆ ಕಾಣುವಂತೆ ಹಿಂದೆ ಕೂತಿದ್ದವರೂ ಕಡಿಮೆ ಅಂಕ ಪಡೆದರು. ಲ್ಯಾಪ್‌ಟಾಪ್ ತರುವುದಾದರೆ ವೈಫೈ ಆಫ್ ಮಾಡಿ, ಒಂದೇ ಕಿಟಕಿ ತೆರೆದು, ಹಿಂದಿನ ಸಾಲಿನಲ್ಲಿ ಕೂತುಕೊಳ್ಳಿ. ಇತಿಹಾಸ, ಕಾನೂನು, ಸಾಹಿತ್ಯದಂಥ ಮಾತೇ ಪ್ರಧಾನವಾದ ಕ್ಲಾಸಿಗೆ ಟೈಪಿಂಗ್ ಸೈ. ಚಿತ್ರ, ಸೂತ್ರ, ಬಾಣದ ಗುರುತು ಬೇಕಾದಲ್ಲಿ ಕೀಬೋರ್ಡ್ ಕಾಲೆಳೆಯುತ್ತದೆ.

ಪೆನ್ನಿನ ಟ್ಯಾಬ್ಲೆಟ್ ಇವೆರಡರ ನಡುವಿನದು. ಅದರ ದೊಡ್ಡ ದೋಷ ಅಂಚಿಲ್ಲದ ಪುಟ. ಹಿಗ್ಗಿಸಿ ಕುಗ್ಗಿಸಿ ಬರೆದದ್ದು ಮುದ್ರಿಸಿದಾಗ ಇರುವೆ ಸಾಲಾಗುತ್ತದೆ. ಎ4 ಅಳತೆಯ ಪುಟ ನಿಗದಿ ಮಾಡಿ, ಹಿಗ್ಗಿಸದೆ ಬರೆಯಿರಿ. ವಾರಕ್ಕೊಮ್ಮೆ ಪಿಡಿಎಫ್ ಮಾಡಿ ಬೇರೊಂದು ಕಡೆ ಉಳಿಸಿಕೊಳ್ಳಿ.

ಟಿಪ್ಪಣಿಗಳನ್ನು ಒಂದಕ್ಕೊಂದು ಕೊಂಡಿ ಹಾಕುವ ಆ್ಯಪ್‌ಗಳ ಹುಚ್ಚು ಈಗ ಜೋರಾಗಿದೆ. ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲುಹ್‌ಮನ್ ಸುಮಾರು 90,000 ಚೀಟಿಗಳನ್ನು ಕಾಗದದಲ್ಲೇ ಹಾಗೆ ಜೋಡಿಸಿಟ್ಟಿದ್ದರು, ದಶಕಗಳ ಸಂಶೋಧನೆಗಾಗಿ. ಹದಿನೈದು ವಾರದ ಸೆಮಿಸ್ಟರಿಗೆ ಅದು ಬೇಕಿಲ್ಲ. ಬಣ್ಣ, ಫಾಂಟ್, ಪ್ಲಗಿನ್ ಹೊಂದಿಸುವುದರಲ್ಲೇ ಮೊದಲ ಕಿರುಪರೀಕ್ಷೆ ಬಂದುಬಿಡುತ್ತದೆ.

ಸ್ಲೈಡ್ ಸಿಕ್ಕರೆ, ರೆಕಾರ್ಡಿಂಗ್ ಇದ್ದರೆ

ಸ್ಲೈಡ್ ಮೊದಲೇ ಸಿಗುವ ಕ್ಲಾಸಿನಲ್ಲಿ ಸ್ಲೈಡನ್ನೇ ಮತ್ತೆ ಬರೆಯುವುದು ಶುದ್ಧ ದಂಡ. ಒಂದು ಪುಟಕ್ಕೆ ಮೂರು ಸ್ಲೈಡ್, ಪಕ್ಕದಲ್ಲಿ ಗೆರೆ ಬರುವ ಹ್ಯಾಂಡೌಟ್ ಮಾದರಿಯಲ್ಲಿ ಮುದ್ರಿಸಿ, ಸ್ಲೈಡಿನಲ್ಲಿ ಇಲ್ಲದ್ದನ್ನು ಮಾತ್ರ ಬರೆಯಿರಿ: ಉದಾಹರಣೆ, ಕಾರಣ, 'ಇದು ಮುಖ್ಯ' ಎಂದು ಎರಡು ಸಲ ಹೇಳಿದ್ದು, ಸಹಪಾಠಿ ಕೇಳಿದ ಪ್ರಶ್ನೆಗೆ ಬಂದ ಉತ್ತರ.

ರೆಕಾರ್ಡಿಂಗಿಗೆ ಅನುಮತಿ ಇದ್ದರೂ ಅದನ್ನು ನೋಟ್ಸಿನ ಬದಲಿ ಎಂದುಕೊಳ್ಳಬೇಡಿ. 50 ನಿಮಿಷದ ಪಾಠವನ್ನು ನಿಲ್ಲಿಸಿ ನಿಲ್ಲಿಸಿ ಕೇಳಿದರೆ ಒಂದೂಕಾಲು ಗಂಟೆ ಹೋಗುತ್ತದೆ. ದಿನಕ್ಕೆ ನಾಲ್ಕು ಕ್ಲಾಸಾದರೆ ಲೆಕ್ಕ ನೀವೇ ಹಾಕಿ. ಅರ್ಥವಾಗದೆ ಹೋದ ಜಾಗದಲ್ಲಿ ಅಂಚಿಗೆ ಸಮಯ ಬರೆದು ಮುಂದಕ್ಕೆ ಹೋಗಿ, '10:42 ?' ಎಂದರೆ ಸಾಕು. ಸಂಜೆ ಆ ಎರಡು ನಿಮಿಷ ಮಾತ್ರ ಕೇಳಿಸಿಕೊಳ್ಳಿ.

ಪಾಠದ ಭಾಷೆ ಒಂದು, ಯೋಚಿಸುವ ಭಾಷೆ ಇನ್ನೊಂದು ಆಗಿರುವವರಿಗೆ ಒಂದು ಮಾತು. ಪಾರಿಭಾಷಿಕ ಪದಗಳನ್ನು ಪರೀಕ್ಷೆ ಬರೆಯುವ ಭಾಷೆಯಲ್ಲೇ ಇಟ್ಟುಕೊಳ್ಳಿ, ಇಲ್ಲದಿದ್ದರೆ ಉತ್ತರ ಬರೆಯುವಾಗ ಪದಕ್ಕೆ ತಡಕಾಡಬೇಕಾಗುತ್ತದೆ. ಅವನ್ನು ಜೋಡಿಸುವ 'ಆದ್ದರಿಂದ', 'ಆದರೆ', 'ಇದ್ದರೆ ಮಾತ್ರ' ಮನೆಮಾತಿನಲ್ಲಿರಲಿ. ಕೈ ಓಡುತ್ತದೆ, ತರ್ಕ ತಪ್ಪುವುದಿಲ್ಲ. ಕಾರ್ನೆಲ್ ಪುಟದ ಎಡ ಪಟ್ಟಿಯ ಪ್ರಶ್ನೆ ಮಾತ್ರ ಪರೀಕ್ಷೆಯ ಭಾಷೆಯಲ್ಲೇ ಇರಬೇಕು.

ಕ್ಲಾಸು ಮುಗಿದ ಮೇಲೆ

ಯಾವ ವಿಧಾನ ಎಂಬ ಪ್ರಶ್ನೆಗಿಂತ ಇದು ದೊಡ್ಡದು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ವಿದ್ಯಾರ್ಥಿಗಳಿಗೆ ಸಣ್ಣ ಪಠ್ಯ ಕೊಟ್ಟು, ಒಂದು ಸಲ ಓದಿದ ಮೇಲೆ ಕೆಲವರಿಗೆ ಮತ್ತೆ ಓದಲು, ಕೆಲವರಿಗೆ ನೆನಪಿನಿಂದ ಬರೆಯಲು ಹೇಳಿದರು. ಐದು ನಿಮಿಷ ಬಿಟ್ಟು ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದು: ಶೇ 81, ಬರೆದವರದು ಶೇ 75. ಒಂದು ವಾರ ಬಿಟ್ಟು ಪರೀಕ್ಷಿಸಿದಾಗ ಮತ್ತೆ ಓದಿದವರು ಶೇ 42ಕ್ಕೆ ಇಳಿದರು, ನೆನಪಿನಿಂದ ಬರೆದವರು ಶೇ 56ರಲ್ಲಿ ನಿಂತರು. ಮತ್ತೆ ಮತ್ತೆ ಓದುವುದು ಯಾಕೆ ಇಷ್ಟು ಜನಪ್ರಿಯ ಎಂಬುದಕ್ಕೆ ಉತ್ತರ ಆ ಮೊದಲ ಐದು ನಿಮಿಷದಲ್ಲಿದೆ. 2013ರಲ್ಲಿ ಡನ್‌ಲಾಸ್ಕಿ ಮತ್ತು ಸಂಗಡಿಗರು ಹತ್ತು ಓದಿನ ತಂತ್ರಗಳನ್ನು ತೂಗಿ ನೋಡಿದಾಗ ಹೈಲೈಟರ್, ಮರು ಓದು, ಸಾರಾಂಶ ಬರೆಯುವುದು ಮೂರೂ ಕೆಳ ದರ್ಜೆಗೆ ಬಿದ್ದವು. ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು ಮತ್ತು ಬಿಡುವು ಕೊಟ್ಟು ಓದುವುದು ಮೇಲಕ್ಕೆ ಬಂದವು.

ಹಾಗಾಗಿ ಹೈಲೈಟರನ್ನು ಬಿಸಾಡಬೇಕಿಲ್ಲ, ಮೊದಲ ಓದಿನಲ್ಲಿ ಮುಚ್ಚಳ ತೆಗೆಯಬೇಡಿ ಅಷ್ಟೇ. ಒಂದು ಉಪಶೀರ್ಷಿಕೆ ಓದಿ, ಪುಸ್ತಕ ಮುಚ್ಚಿ, ಮೂರು ಸಾಲು ಬರೆದು, ತೆರೆದು ತಾಳೆ ನೋಡಿ, ತಪ್ಪಿದ ಜಾಗಕ್ಕೆ ಮಾತ್ರ ಬಣ್ಣ ಹಚ್ಚಿ. ನೋಟ್ಸಿಗೂ ಇದೇ. ಮರುದಿನ ಒಮ್ಮೆ, ಮೂರು ನಾಲ್ಕು ದಿನ ಬಿಟ್ಟು ಒಮ್ಮೆ, ಹತ್ತು ದಿನಕ್ಕೆ, ಮೂರು ವಾರಕ್ಕೆ. ಪ್ರತಿ ಸಲವೂ ಮುಚ್ಚಿ ಹೇಳುವುದು, ಆಮೇಲೆ ನೋಡುವುದು.

ಒಂದು ಮಗ್ಗುಲಲ್ಲಿ ಪ್ರಶ್ನೆ, ಇನ್ನೊಂದರಲ್ಲಿ ಉತ್ತರ ಬರೆದ ಕಾರ್ಡುಗಳನ್ನು ಆರಿಸುವವರಿಗೆ ಎರಡು ದಾರಿ. 1972ರಲ್ಲಿ ಸೆಬಾಸ್ಟಿಯನ್ ಲೈಟ್ನರ್ ಹೇಳಿಕೊಟ್ಟ ಡಬ್ಬಿಯ ಪದ್ಧತಿಯಲ್ಲಿ ಐದು ಅರೆ. ಸರಿ ಹೇಳಿದ ಕಾರ್ಡು ಮುಂದಿನ ಅರೆಗೆ, ತಪ್ಪಿದ್ದು ಮೊದಲನೆಯದಕ್ಕೆ ವಾಪಸ್. ಮುಂದಿನ ಅರೆಗಳನ್ನು ಮುಟ್ಟುವುದು ಅಪರೂಪಕ್ಕೆ. 2006ರಲ್ಲಿ ಬಂದ ಆಂಕಿ ತಂತ್ರಾಂಶ ಇದೇ ಕೆಲಸವನ್ನು ತಾರೀಖು ಲೆಕ್ಕ ಹಾಕಿ ಮಾಡುತ್ತದೆ. ಮುನ್ನೂರು ಕಾರ್ಡಿನೊಳಗಿದ್ದರೆ ಡಬ್ಬಿ ಸಾಕು. ವೈದ್ಯಕೀಯ, ಭಾಷೆ, ಕಾನೂನಿನಂಥ ರಾಶಿಗೆ ಆಂಕಿ. ಉತ್ಸಾಹದಲ್ಲಿ ದಿನಕ್ಕೆ ನೂರು ಹೊಸ ಕಾರ್ಡು ತುಂಬುವವರು ಎರಡು ವಾರದಲ್ಲಿ ಸೋಲುತ್ತಾರೆ. ದಿನಕ್ಕೆ 20 ಹೊಸದು ಸೇರಿಸಿದರೂ ಕೆಲ ವಾರಗಳಲ್ಲಿ ದಿನದ ಪುನರಾವರ್ತನೆ ನೂರು ದಾಟುತ್ತದೆ. ಅದನ್ನು ನೋಡಿಕೊಂಡು ಹೊಸದನ್ನು ಸೇರಿಸಿ. ಒಂದು ಕಾರ್ಡಿಗೆ ಒಂದೇ ಪ್ರಶ್ನೆ. 'ಇನ್ಹಿಬಿಟರ್ ಬಗ್ಗೆ ಬರೆಯಿರಿ' ಎಂಬ ಕಾರ್ಡು ಪ್ರತಿ ಸಲವೂ ಅರ್ಧ ಸರಿ, ಅರ್ಧ ತಪ್ಪಾಗಿ ಡಬ್ಬಿಯಲ್ಲೇ ಕೊಳೆಯುತ್ತದೆ.

ಎರಡು ವಾರದ ತೂಕ

ಒಂದು ವಿಷಯಕ್ಕೆ ಒಂದು ವಿಧಾನ ಹಿಡಿದು ಎರಡು ವಾರ ಬಿಡದೆ ನಡೆಸಿ. ಎರಡನೇ ವಾರದ ಕೊನೆಗೆ, ಮೊದಲ ವಾರದ ಒಂದು ಕ್ಲಾಸು ಆರಿಸಿ, ಖಾಲಿ ಹಾಳೆಯ ಮೇಲೆ ಹತ್ತು ನಿಮಿಷ ನೆನಪಿದ್ದದ್ದನ್ನೆಲ್ಲ ಬರೆಯಿರಿ. ನಂತರ ನೋಟ್ಸನ್ನೂ ಪಠ್ಯವನ್ನೂ ಪಕ್ಕಕ್ಕಿಟ್ಟು ಬಿಟ್ಟುಹೋದ ಒಂದೊಂದನ್ನೂ ಹುಡುಕಿ. ಅದು ನೋಟ್ಸಿನಲ್ಲೇ ಇಲ್ಲವೇ? ಹಾಗಾದರೆ ಬರೆಯುವ ವಿಧಾನ ಆ ಪಾಠಕ್ಕೆ ಹೊಂದುತ್ತಿಲ್ಲ, ಔಟ್‌ಲೈನಿನಿಂದ ಕೋಷ್ಟಕಕ್ಕೋ ಸ್ಲೈಡ್ ಹ್ಯಾಂಡೌಟಿಗೋ ಬದಲಾಯಿಸಿ. ನೋಟ್ಸಿನಲ್ಲಿದೆ, ಆದರೆ ಓದಿದರೂ ಏನೆಂದು ತಿಳಿಯುತ್ತಿಲ್ಲವೇ? ನೀವು ಸಂಕ್ಷೇಪ ಮಿತಿಮೀರಿ ಬಳಸಿದ್ದೀರಿ, ಅದೇ ದಿನ ತಿದ್ದಿಲ್ಲ. ವಿಧಾನ ಹಾಗೇ ಇರಲಿ, ಸಂಜೆಯ ಕಾಲು ಗಂಟೆ ಸೇರಿಸಿ. ನೋಟ್ಸಿನಲ್ಲಿ ಸ್ಪಷ್ಟವಾಗಿಯೇ ಇದೆ, ನೆನಪಿಗೆ ಮಾತ್ರ ಬರಲಿಲ್ಲವೇ? ಹೊಸ ಪದ್ಧತಿ ಹುಡುಕುತ್ತ ಹೋಗಬೇಡಿ. ನಾಳೆ ಅದೇ ಪುಟ ತೆಗೆದು, ಬಲಗಡೆ ಮುಚ್ಚಿ, ಉತ್ತರ ಹೇಳಲು ಕೂತುಕೊಳ್ಳಿ.